ಸೇವಾಪ್ರವಾಸ: ದಾನದ ನಾಲ್ಕು ಅಳತೆಗಳು

ಜೈನಧರ್ಮದಲ್ಲಿ ಸೇವೆಯು ತಪಸ್ಸಿನ ಒಂದು ಅಂಗ. ಪ್ರಾಯಶ್ಚಿತ್ತ, ವಿನಯ, ವೈಯಾವೃತ್ಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನ ಎಂಬ ಆರು ಅಂತರಂಗ ತಪಗಳಲ್ಲಿ ಮೂರನೆಯದಾದ ವೈಯಾವೃತ್ಯವೆಂದರೆ ಸೇವೆಯೇ. ಷೋಡಶಕಾರಣ ಭಾವನೆಗಳಲ್ಲಿಯೂ ಅದಕ್ಕೆ ಸ್ಥಾನವಿದೆ. ರೋಗಿಯಾದ, ದಣಿದ, ವೃದ್ಧನಾದ ಮುನಿಯ ಶುಶ್ರೂಷೆ ಅದರ ಮೂಲಾರ್ಥ. ಶ್ರಾವಕನಾದವನು ಅದೇ ಭಾವವನ್ನು ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಗಳ ಮೂಲಕ ಇತರ ಜೀವಿಗಳಿಗೂ ವಿಸ್ತರಿಸಬೇಕಾಗಿದೆ.

ಇದನ್ನು ಇಲ್ಲಿ ನೆನೆಯಲು ಕಾರಣವುಂಟು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ನಮ್ಮ ಕುಟುಂಬಗಳಲ್ಲಿ ಪ್ರೌಢಶಾಲೆಯ ಮಕ್ಕಳನ್ನು ರಜೆಯಲ್ಲಿ ‘ಸೇವಾಪ್ರವಾಸ’ಕ್ಕೆ ಕಳುಹಿಸಬೇಕೆಂಬ ಅಪೇಕ್ಷೆ ಕಂಡುಬರುತ್ತಿದೆ. ಬಸ್ಸು ಗೊತ್ತುಮಾಡಿ, ನಾಲ್ಕಾರು ಕ್ಷೇತ್ರಗಳ ದರ್ಶನ ಮಾಡಿಸಿ, ನಡುವೆ ಒಂದು ದಿನ ಅನಾಥಾಲಯದಲ್ಲೋ ವೃದ್ಧಾಶ್ರಮದಲ್ಲೋ ಹಣ್ಣು ಹಂಚಿ, ಛಾಯಾಚಿತ್ರ ತೆಗೆಸಿಕೊಂಡು ಮರಳುವ ಯೋಜನೆಯನ್ನು ಪಾಲಕರು ಬಸದಿಯ ಟ್ರಸ್ಟಿನ ಮುಂದಿಡುತ್ತಾರೆ. ಅಪೇಕ್ಷೆಯೇನೋ ಸ್ತುತ್ಯವಾದುದು. ಆದರೆ ಅಂತಹ ಪ್ರವಾಸದಲ್ಲಿ ಸೇವೆ ಎಷ್ಟು, ಪ್ರವಾಸ ಎಷ್ಟು ಎಂಬುದನ್ನು ಟ್ರಸ್ಟಿನವರೂ ಪಾಲಕರೂ ಮೊದಲೇ ವಿಚಾರಿಸುವುದು ಒಳಿತು.

ತರುಣರ ಸೇವೆಯು ನಮ್ಮ ಭಾಗಕ್ಕೆ ಹೊಸದಲ್ಲ. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು 1923ರಲ್ಲಿ ಕಟ್ಟಿದ ಹಿಂದೂಸ್ತಾನಿ ಸೇವಾದಳದ ಸ್ವಯಂಸೇವಕರು 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ದುಡಿದರು. ನಮ್ಮವರಲ್ಲಿ 1899ರಲ್ಲಿ ಸ್ತವನಿಧಿಯಲ್ಲಿ ಹುಟ್ಟಿದ ದಕ್ಷಿಣ ಭಾರತ ಜೈನ ಸಭೆಯು ವಿದ್ಯಾರ್ಥಿಗಳಿಗೆ ಬೋರ್ಡಿಂಗುಗಳನ್ನು ತೆರೆಯಿತು. ಅದರ ವೀರ ಸೇವಾದಳವು ಇಂದಿಗೂ ಧರ್ಮೋತ್ಸವಗಳಲ್ಲಿ ದುಡಿಯುತ್ತಿದೆ. ಜೈನ ಮನೆತನದಲ್ಲಿ ಹುಟ್ಟಿದ ಕರ್ಮವೀರ ಭಾವುರಾವ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, 1924ರಲ್ಲಿ ಸಾತಾರೆಯಲ್ಲಿ ಎಲ್ಲ ಜಾತಿಯ ಹುಡುಗರೂ ಒಂದೇ ಪಂಕ್ತಿಯಲ್ಲಿ ಉಂಡು, ದುಡಿದು, ಕಲಿಯುವ ವಸತಿಗೃಹವನ್ನು ತೆರೆದರು. ಇವರೆಲ್ಲರ ಕಾರ್ಯದಲ್ಲಿ ತರುಣರ ಮೈಬೆವರಿಗೆ ಮೊದಲ ಸ್ಥಾನವಿತ್ತು.

1981ರ ಫೆಬ್ರುವರಿಯಲ್ಲಿ ಶ್ರವಣಬೆಳಗೊಳದ ಸಹಸ್ರಾಬ್ದಿ ಮಹಾಮಸ್ತಕಾಭಿಷೇಕಕ್ಕೆ ಬಿ.ಕಾಂ. ವಿದ್ಯಾರ್ಥಿಯಾಗಿದ್ದ ನಾನೂ ಸ್ವಯಂಸೇವಕನಾಗಿ ಹೋಗಿದ್ದೆ. ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳ ವಿಂಧ್ಯಗಿರಿಯ ಬುಡದಲ್ಲಿ ಕುಡಿಯುವ ನೀರು ಕೊಡುವ ಪಾಳಿ ನಮ್ಮದು. ನೀರು ಕುಡಿದವರು ನಮ್ಮ ಮುಖವನ್ನೂ ನೋಡದೆ ಬೆಟ್ಟದ ಕಡೆಗೆ ನಡೆದುಬಿಡುತ್ತಿದ್ದರು. ಅವರ ಕಣ್ಣು ಬಾಹುಬಲಿಯ ಮೇಲಿತ್ತು. ಅದೇ ಯೋಗ್ಯವೂ ಆಗಿತ್ತು. ಹೆಸರಿಲ್ಲದೆ ಕೆಲಸ ಮಾಡುವ ಸುಖವನ್ನು ಆ ದಿನಗಳು ನನಗೆ ಕಲಿಸಿದವು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ದಾನದ ಫಲವು ನಾಲ್ಕು ಕಾರಣಗಳಿಂದ ಹೆಚ್ಚುಕಡಿಮೆಯಾಗುತ್ತದೆಂದು ತಿಳಿಸಿದ್ದಾರೆ: ಕೊಡುವ ವಿಧಿ, ಕೊಡುವ ದ್ರವ್ಯ, ಕೊಡುವ ದಾತೃ, ಪಡೆಯುವ ಪಾತ್ರ. ನಾಲ್ಕು ದಶಕ ಅಡತಿ ಅಂಗಡಿಯಲ್ಲಿ ಕೀರ್ದಿ-ಖಾತೆ ಬರೆದ ನನಗೆ ಇದು ಒಳ್ಳೆಯ ಲೆಕ್ಕಪದ್ಧತಿಯಂತೆ ತೋರುತ್ತದೆ. ಒಂದೇ ಬದಿಯನ್ನು ಬರೆದ ಖಾತೆಯು ತಾಳೆಯಾಗದು. ಸೇವಾಪ್ರವಾಸದಿಂದ ನಮ್ಮ ಮಕ್ಕಳು ಏನು ಕಲಿತರೆಂದು ಕೇಳುವುದು ದಾತೃವಿನ ಬದಿ. ಅವರು ಹೋದ ಊರಿಗೆ ಏನು ಸಂದಿತೆಂಬುದು ಪಾತ್ರದ ಬದಿ. ಈ ಎರಡನೆಯ ಬದಿಯು ಖಾಲಿ ಉಳಿಯುವುದೇ ಹೆಚ್ಚು.

2019ರ ಆಗಸ್ಟ್ ತಿಂಗಳಲ್ಲಿ ನವಿಲುತೀರ್ಥದ ಜಲಾಶಯ ತುಂಬಿ ಮಲಪ್ರಭೆಯು ಉಕ್ಕಿ ಹರಿದಾಗ ಮುನವಳ್ಳಿ, ರಾಮದುರ್ಗಗಳ ಮನೆಗಳಿಗೆ ನೀರು ನುಗ್ಗಿತು. ನೀರು ಇಳಿದ ಬಳಿಕ ಹತ್ತಾರು ವಿದ್ಯಾರ್ಥಿಗಳೊಡನೆ ರಾಮದುರ್ಗದ ಕಡೆಗೆ ಹೋದೆವು. ದೂರದೂರದ ದಾನಿಗಳು ಕಳುಹಿಸಿದ್ದ ಹಳೆಯ ಬಟ್ಟೆಗಳು ರಸ್ತೆಯ ಪಕ್ಕದಲ್ಲಿ ರಾಶಿಬಿದ್ದಿದ್ದವು. ಒಬ್ಬ ನೇಕಾರ ತಾಯಿ ನನ್ನನ್ನು ನಿಲ್ಲಿಸಿ ಹೇಳಿದಳು: ‘ಸಾವಕಾರ್ರ, ಅರಿವಿ ರಗಡ ಬಂದಾವ್ರಿ. ಮಗ್ಗದ ಕುಣ್ಯಾಗಿನ ರಾಡಿ ತಗ್ಯಾಕ ನಾಕ್ ಮಂದಿ ಕೊಡ್ರಿ.’ ದ್ರವ್ಯವನ್ನು ನಿಶ್ಚಯಿಸುವ ಅಧಿಕಾರ ಪಾತ್ರಕ್ಕಿದೆ ಎಂಬುದಕ್ಕೆ ಇದಕ್ಕಿಂತ ಸರಳವಾದ ಭಾಷ್ಯವನ್ನು ನಾನು ಕೇಳಿಲ್ಲ. ಮಕ್ಕಳು ಸಲಿಕೆ, ಬುಟ್ಟಿ ಹಿಡಿದು ಸಂಜೆಯವರೆಗೆ ಆ ಕುಣಿಯಲ್ಲಿ ದುಡಿದರು. ನೆಲದ ಕುಣಿಯು ಒಣಗದೆ ಮಗ್ಗ ಹೂಡಲಾಗದು, ಮಗ್ಗ ಹೂಡದೆ ಒಲೆ ಹೊತ್ತದು ಎಂಬುದು ಅವರಿಗೆ ಆ ದಿನ ತಿಳಿಯಿತು.

ಅತಿಥಿಸಂವಿಭಾಗ ವ್ರತಕ್ಕೆ ಹೇಳಿರುವ ಅತಿಚಾರಗಳೂ ಇಲ್ಲಿ ದಾರಿದೀಪವಾಗಬಲ್ಲವು. ಬೇಕಾದ ಹೊತ್ತು ಮೀರಿದ ಮೇಲೆ ಕೊಡುವುದು ಕಾಲಾತಿಕ್ರಮ. ಆದರವಿಲ್ಲದೆ ಕೊಡುವುದು ಮಾತ್ಸರ್ಯ. ಪಡೆಯುವವನನ್ನು ಸಾಲಾಗಿ ನಿಲ್ಲಿಸಿ ಚಿತ್ರ ತೆಗೆಯುವುದು ಅದರ ನೆರೆಯದೇ ಸರಿ. ಮತ್ತೊಬ್ಬರ ವಸ್ತುವನ್ನು ಎತ್ತಿ ಕೊಡುವುದು ಪರವ್ಯಪದೇಶ. ತಂದೆಯ ರೊಕ್ಕದಿಂದ ತಂದ ಹಣ್ಣನ್ನು ಮಗನು ಹಂಚಿದರೆ ದಾನ ಯಾರದು? ಹದಿನಾಲ್ಕು ವರ್ಷದ ಬಾಲಕನ ಬಳಿ ಸ್ವಂತದ್ದೆಂದು ಇರುವುದು ಅವನ ಸಮಯ, ಅವನ ಶ್ರಮ, ಅವನ ಕಿರುಗಳಿಕೆ. ಅದನ್ನು ಕೊಟ್ಟಾಗಲೇ ಅವನು ದಾತೃವೆನಿಸುವನು.

ಮಕ್ಕಳು ಆ ಪ್ರವಾಸದಲ್ಲಿ ಎರಡು ಪ್ರಶ್ನೆಗಳನ್ನು ಕೇಳಿದರು. ‘ಕಾಕಾ, ರಾಡಿಯೊಳಗಿನ ಹುಳಗಳು ಸಾಯುತ್ತವಲ್ಲ, ಇದು ಹಿಂಸೆಯಲ್ಲವೇ?’ ಎಂದಳು ಒಬ್ಬ ಬಾಲಕಿ. ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂಬ ನಾಲ್ಕು ಬಗೆಯ ಹಿಂಸೆಗಳಲ್ಲಿ ಗೃಹಸ್ಥನು ಸಂಕಲ್ಪಿ ಹಿಂಸೆಯನ್ನು ಪೂರ್ತಿಯಾಗಿ ಬಿಡಬೇಕು, ಉಳಿದವುಗಳಲ್ಲಿ ಯತ್ನಾಚಾರದಿಂದ ನಡೆಯಬೇಕು ಎಂದು ವಿವರಿಸಿದೆ. ಆಕೆ ಸುಮ್ಮನೆ ಕೇಳಿ, ಸಲಿಕೆಯನ್ನು ಮೊದಲಿಗಿಂತ ಮೆಲ್ಲಗೆ ಹಾಕತೊಡಗಿದಳು. ಗ್ರಂಥದ ಪಾಠವು ಕೈಗೆ ಇಳಿದುದನ್ನು ನಾನು ಕಂಡೆ.

ಎರಡನೆಯದು ಕಠಿಣವಾಗಿತ್ತು. ರಾತ್ರಿಭೋಜನವನ್ನು ತ್ಯಜಿಸಿದ ನಾವು ಪರಿಹಾರ ಕೇಂದ್ರದಲ್ಲಿ ಸೂರ್ಯಾಸ್ತದ ಮೇಲೆ ಅನ್ನ ಬಡಿಸಬಹುದೇ? ಕೃತ, ಕಾರಿತ, ಅನುಮೋದನೆ ಮೂರೂ ಸಮಾನವಾದುದರಿಂದ ಸಲ್ಲದು ಎಂಬುದು ನಮ್ಮ ಕೆಲವು ಹಿರಿಯರ ಮತ. ಅದನ್ನು ನಾನು ಹಗುರಾಗಿ ಕಾಣುವುದಿಲ್ಲ. ಹಗಲಿರುವಾಗಲೇ ಅಡುಗೆ ಮುಗಿಸಲು ಶ್ರಮಿಸಿದೆವು. ತಡವಾಗಿ ಬಂದವರಿಗೂ ಬಡಿಸಿದೆವು. ನನ್ನ ವ್ರತ ನನ್ನ ಸಂಯಮಕ್ಕಾಗಿ. ಮನೆ ಕಳೆದುಕೊಂಡು ಹಸಿದು ಬಂದವನ ಮೇಲೆ ಅದನ್ನು ಹೊರಿಸಿದರೆ ಅಲ್ಲಿ ಮಾನಕಷಾಯವು ವ್ರತದ ವೇಷ ತೊಟ್ಟೀತು. ಓದುಗರಲ್ಲಿ ಭಿನ್ನಮತವಿದ್ದರೆ ಅದೂ ಚರ್ಚೆಗೆ ಬರಲಿ. ಅನೇಕಾಂತಕ್ಕೆ ಅದರಿಂದ ಹಾನಿಯಿಲ್ಲ.

ಟ್ರಸ್ಟುಗಳಲ್ಲಿ ನನ್ನ ವಿನಂತಿ ಇಷ್ಟೇ. ತೀರ್ಥಯಾತ್ರೆಯನ್ನು ತೀರ್ಥಯಾತ್ರೆಯೆಂದೇ ಕರೆಯಿರಿ. ಅದಕ್ಕೆ ಅದರದೇ ಪುಣ್ಯವಿದೆ. ಸೇವಾಪ್ರವಾಸಕ್ಕೆ ಈ ನಾಲ್ಕು ತಾಲೂಕುಗಳೇ ಸಾಕು. ಮಲಪ್ರಭೆಯ ದಂಡೆಯ ಒಕ್ಕುಂದವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕವಿರಾಜಮಾರ್ಗವು ಹೆಸರಿಸಿದ ಊರು. ಅಲ್ಲಿಯ ಪ್ರಾಚೀನ ಬಸದಿಯ ಸುತ್ತ ಕಸ ಗುಡಿಸುವುದು ಶಾಸ್ತ್ರಸೇವೆಗೆ ಸಮೀಪದ ಕೆಲಸ. ಸವದತ್ತಿಗೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಎಲ್ಲಮ್ಮನ ಭಕ್ತರು ದೂರದೂರದಿಂದ ಬರುತ್ತಾರೆ. ಅವರ ದಾರಿಯಲ್ಲಿ ಅರವಟ್ಟಿಗೆ ನಡೆಸಬಹುದು. ಕ್ರಿ.ಶ. 980ರಲ್ಲಿ ರಟ್ಟರ ಶಾಂತಿವರ್ಮನು ಜಿನಾಲಯಕ್ಕೆ 150 ಮತ್ತರು ಭೂಮಿ ಬಿಟ್ಟ ಸುಗಂಧವರ್ತಿಯು ಇದೇ ಸವದತ್ತಿ. ಆ ನೆಲದಲ್ಲಿ ಪರಮತದವನ ಬಾಯಾರಿಕೆಗೆ ನೀರೆರೆಯುವುದು ನಮ್ಮ ಮಕ್ಕಳಿಗೆ ಭೂಷಣ.

ಹೋಗುವ ಮೊದಲು ಇಬ್ಬರು ಹಿರಿಯರು ಆ ಊರಿಗೆ ಹೋಗಿ, ಏನು ಬೇಕೆಂದು ಕೇಳಿಬರಲಿ. ಏನೂ ಬೇಡವೆಂದರೆ ಮರಳಿ ಬರಲಿ. ಒಂದೇ ಊರಿಗೆ ವರ್ಷಕ್ಕೆ ಮೂರು ಸಲ ಹೋಗಲಿ. ಎರಡನೆಯ ಭೇಟಿಯಲ್ಲಿ ಮೊದಲನೆಯದರ ಕೊರತೆ ಕಾಣುತ್ತದೆ, ಮೂರನೆಯದರಲ್ಲಿ ಪರಿಚಯ ಬೆಳೆಯುತ್ತದೆ. ಬ್ಯಾನರು ಬೇಡ. ಸಂಜೆ ಪ್ರತಿಕ್ರಮಣದ ಹೊತ್ತಿಗೆ ಮಕ್ಕಳು ತಮ್ಮ ದಿನದ ಜಮಾ-ಖರ್ಚನ್ನು ತಾವೇ ನೋಡಿಕೊಳ್ಳಲಿ. ವರ್ಷಾಂತ್ಯದ ಟ್ರಸ್ಟ್ ಸಭೆಗೆ ಆ ಊರಿನ ಒಬ್ಬರನ್ನು ಕರೆದು, ನಮ್ಮ ಮಕ್ಕಳಿಂದ ಅವರಿಗೆ ಆದುದೇನು ಎಂದು ಕೇಳೋಣ. ವರದಿಯ ಆ ಪುಟವನ್ನು ಅವರೇ ಬರೆಯಿಸಲಿ.