ಅಪ್ಪನ ಕಿವಿ, ಕಾರಿನ ಗಾಲಿ

ಅಪ್ಪ ನಂದಗಡದಲ್ಲಿ ಒಬ್ಬರೇ ಇರುತ್ತಾರೆ. ತಿಂಗಳಿಗೊಮ್ಮೆ ಅವರನ್ನು ಬೆಳಗಾವಿಗೆ ಡಾಕ್ಟರ ಹತ್ತಿರ ಕರೆತರುವುದು ನನ್ನ ಕೆಲಸ. ಖಾನಾಪುರದ ಮೇಲೆ ಹಾದು ಸುಮಾರು 40 ಕಿ.ಮೀ. ದಾರಿ. ಊರು ದಾಟುತ್ತಲೇ ಅವರು ಕಿವಿ ಮಷೀನು ತೆಗೆದು ಅಂಗಿಯ ಕಿಸೆಗೆ ಹಾಕಿಕೊಳ್ಳುತ್ತಿದ್ದರು. ಬೆಳಗಾವಿ ಬರುವವರೆಗೂ ಮಾತಿಲ್ಲ. ಅವ್ವ ತೀರಿಕೊಂಡ ಮೇಲೆ ನಾನು ಊರ ಮನೆ ಮಾರುವ ಮಾತೆತ್ತಿದ್ದೆ. ಅದೇ ಸಿಟ್ಟು ಅಂದುಕೊಂಡಿದ್ದೆ.

ಒಂದು ದಿನ ತಡೆಯಲಾಗದೆ ಗಾಡಿ ನಿಲ್ಲಿಸಿ ಕೇಳಿದೆ: "ಅಪ್ಪಾರ, ನನ್ನ ಜೋಡಿ ಮಾತಾಡಬಾರದಂತ ಮಷೀನ್ ತಗೀತೀರೇನ್ರಿ?"

"ನಿನ್ನ ಮಾತಿಗಲ್ಲೋ ತಮ್ಮಾ. ಈ ಮಷೀನಿಗೆ ನಿನ್ನ ದನಿನೂ ಒಂದ, ಗಾಲಿ ಸಪ್ಪಳನೂ ಒಂದ. ಎರಡೂ ದೊಡ್ಡದ ಮಾಡತೈತಿ. ತಲ್ಯಾಗ ಗಿರಣಿ ಚಾಲೂ ಆದಂಗ ಆಗತೈತಿ."

ಆ ಗಿರಣಿಯನ್ನು ಕೂಡಿಸಿದವನು ನಾನೇ. ಕಾರು ಕೊಂಡಾಗ ಇದ್ದದ್ದು 165/80 ಆರ್14 ಟೈರು. ನೋಡಲು ಸಪ್ಪೆ ಎಂದು 16 ಇಂಚಿನ ಸೆಕೆಂಡ್ ಹ್ಯಾಂಡ್ ರಿಮ್ಮು, ಅದರ ಮೇಲಿದ್ದ 195/55 ಟೈರು ಹಾಕಿಸಿದ್ದೆ. ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಅದರ ಗೋಡೆಯ ಎತ್ತರ, ಅಗಲದ ಶೇಕಡಾ ಲೆಕ್ಕದಲ್ಲಿ. ಹಳೆಯದರ ಗೋಡೆ 132 ಮಿ.ಮೀ., ನನ್ನ ಶೋಕಿಯದು 107. ತಗ್ಗಿನ ಏಟು ನುಂಗಬೇಕಾದ ಗಾಳಿಯ ಜಾಗ ಒಂದು ಇಂಚು ಕಡಿಮೆಯಾಗಿತ್ತು.

ಟೈರ್ ಅಂಗಡಿಯವನು ನನ್ನ ಕೈಯನ್ನು ಟೈರಿನ ಮೇಲೆ ಆಡಿಸಿ ತೋರಿಸಿದ. ಒಂದೇ ಸಮ ಸವೆಯದೆ ಗರಗಸದ ಹಲ್ಲಿನಂತಾಗಿತ್ತು. ಆ ಹಲ್ಲುಗಳು ಒಂದೊಂದೇ ರಸ್ತೆಗೆ ಬಡಿದಾಗ ಹುಟ್ಟುವುದೇ ಆ ಗುಂಯ್‌ ಸದ್ದು. ಗೋಡೆಯ ಮೇಲಿನ 2316 ಎಂಬ ಅಂಕಿಯ ಅರ್ಥ, 2016ರ 23ನೇ ವಾರ ತಯಾರಾದದ್ದು ಎಂದು. ವಯಸ್ಸಾದಂತೆ ರಬ್ಬರು ಗಡಸಾಗುತ್ತದೆ. ಸಾಲದ್ದಕ್ಕೆ ನಾನು ಮೈಲೇಜಿನ ಆಸೆಗೆ ಹವಾ ಹೆಚ್ಚು ಹೊಡೆಸುತ್ತಿದ್ದೆ.

"ಚಂದ ಕಾಣೋದು ಹೊರಗ ನಿಂತವ್ರಿಗ್ರಿ ಸಾಹೇಬ್ರ. ಒಳಗ ಕುಂತವ್ರಿಗಲ್ಲ" ಅಂದ.

ಹಳೆಯ ಅಳತೆಗೇ ಮರಳಿದೆ. ಹೊಸ ಟೈರಿನ ಮೈಯ ಕಟ್ಟೆಗಳು ಒಂದೇ ಅಳತೆಯವಲ್ಲ, ಬೇಕೆಂದೇ ಸಣ್ಣವು ದೊಡ್ಡವು ಬೆರೆತಿರುತ್ತವೆ. ಹಾಗಾಗಿ ಸದ್ದು ಒಂದೇ ಸ್ವರದಲ್ಲಿ ಕೊರೆಯದೆ ಚದುರಿ ಮೆತ್ತಗಾಗುತ್ತದೆ.

ಗಾಳಿ ತುಂಬಿದ ಟೈರಿನ ಚರಿತ್ರೆಯಲ್ಲೂ ಒಬ್ಬ ಅಪ್ಪ ಇದ್ದಾನೆ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ಅದನ್ನು ಮಾಡಿದ್ದು ಮಗನ ಮೂರುಗಾಲಿ ಸೈಕಲ್ಲಿಗಾಗಿ. ಅಂಥದೊಂದು ಯೋಚನೆ ಮೊದಲೇ ಇನ್ನೊಬ್ಬರಿಗೆ ಬಂದಿತ್ತು, ಆದರೆ ಬಳಕೆಗೆ ಬಂದದ್ದು ಇವನಿಂದ. ಅಪ್ಪ ಮಗನಿಗಾಗಿ ಹುಡುಕಿದ್ದನ್ನು ಅಪ್ಪನಿಗಾಗಿ ನೆನೆಯಲು ನನಗೆ ಎರಡು ವರ್ಷ ಹಿಡಿಯಿತು.

ಮುಂದಿನ ತಿಂಗಳು ಊರು ದಾಟಿದರೂ ಅಪ್ಪನ ಕೈ ಕಿವಿಗೆ ಹೋಗಲಿಲ್ಲ. ಸಣ್ಣವರಿದ್ದಾಗ ಚಕ್ಕಡಿಯಲ್ಲಿ ಖಾನಾಪುರಕ್ಕೆ ಹೋಗುತ್ತಿದ್ದುದನ್ನು ಹೇಳಿದರು. ಕಬ್ಬಿಣದ ಹಳಿಯ ಗಾಲಿ ಕಲ್ಲಿನ ಮೇಲೆ ಉರುಳುವಾಗ ಅವರವ್ವ ಕಿವಿಯ ಹತ್ತಿರ ಬಂದು ಕೂಗಿ ಮಾತಾಡುತ್ತಿದ್ದಳಂತೆ. ಆಮೇಲೆ ತಾವಾಗಿಯೇ ಅಂದರು: "ಮನೀ ಮಾರೂದ ಬ್ಯಾಡೋ. ನಿಮ್ಮವ್ವ ಹಚ್ಚಿದ ಮಲ್ಲಿಗಿ ಇನ್ನೂ ಹೂ ಬಿಡತೈತಿ."

ಅಷ್ಟರಲ್ಲಿ ಜಲ್ಲಿ ಎದ್ದ ಒರಟು ಡಾಂಬರು ಬಂತು. ಹೊಸ ಟೈರೂ ಗೊರಗುಟ್ಟಿತು. ಅಪ್ಪನ ಕೈ ಕಿವಿಯ ಕಡೆ ಎದ್ದಿತು. ಅಂಥ ರಸ್ತೆಗೆ ಇರುವ ಉಪಾಯ ಒಂದೇ. ವೇಗ 30ಕ್ಕೆ ಇಳಿಸಿದೆ. ಹಿಂದಿನ ಲಾರಿಯವನು ಹಾರ್ನ್ ಹೊಡೆದು ಮುಂದೆ ಹೋದ.

"ಮಲ್ಲಿಗಿಗೆ ನೀರ ಹಾಕಾವ್ರು ಯಾರ್ರಿ?" ಕೇಳಿದೆ. ಅಪ್ಪ ಕೈ ಕೆಳಗಿಳಿಸಿ ಹೇಳತೊಡಗಿದರು.