ಚಿತ್ರದಲ್ಲಿ ಕಾಣದ ಬಾಲಕ

ಕ್ರಿ.ಶ. 1723ರ ಸುಮಾರಿಗೆ ಲಂಡನ್ನಿನಲ್ಲಿ ಅಚ್ಚಾದ ಒಂದು ವ್ಯಂಗ್ಯಚಿತ್ರ ನನ್ನನ್ನು ಬಹುವಾಗಿ ಕಾಡಿದೆ. ನಮ್ಮ ದೇವಾಲಯಗಳ ಗಾನವೃಂದಗಳು ಹಾಡುವ 'ಹಲ್ಲೆಲೂಯ' ಸಮೂಹಗಾನವನ್ನು ಮುಂದೆ ರಚಿಸಿದ ಹ್ಯಾಂಡೆಲರ ಸಂಗೀತನಾಟಕಗಳಲ್ಲಿ ಹಾಡುತ್ತಿದ್ದ ಮೂವರು ಅಲ್ಲಿ ರಂಗವೇಷದಲ್ಲಿ ನಿಂತಿದ್ದಾರೆ. ನಡುವೆ ಗಿಡ್ಡದೇಹದ ಗಾಯಕಿ ಫ್ರಾಂಚೆಸ್ಕಾ ಕುತ್ಸೋನಿ. ಇಕ್ಕೆಲಗಳಲ್ಲಿ ಸೆನೆಸಿನೋ ಮತ್ತು ಬೆರೆನ್‌ಸ್ಟಾಟ್. ಇವರಿಬ್ಬರೂ ತಾಳೆಮರದಂತೆ ಎತ್ತರ. ಕೈಕಾಲುಗಳು ಅತಿ ಉದ್ದ. ನೋಡಿದವರು ನಗಲೆಂದೇ ಬರೆದ ಚಿತ್ರವದು.

ಆದರೆ ಆ ಎತ್ತರ ಚಿತ್ರಕಾರನ ಕಲ್ಪನೆ ಮಾತ್ರವಲ್ಲ. ಧ್ವನಿ ಒಡೆಯುವ ಮುನ್ನವೇ, ಎಳೆಯ ಪ್ರಾಯದಲ್ಲಿ, ಅವರ ವೃಷಣಗಳನ್ನು ನಿಷ್ಕ್ರಿಯಗೊಳಿಸಲಾಗಿತ್ತು. ಆಗ ಕಂಠ ಬಾಲಕನದಾಗಿಯೇ ಉಳಿಯುತ್ತದೆ. ಎದೆ ಮಾತ್ರ ವಯಸ್ಕನಂತೆ ಹಿಗ್ಗುತ್ತದೆ. ಮೂಳೆಗಳ ಬೆಳವಣಿಗೆಯನ್ನು ನಿಲ್ಲಿಸಬೇಕಾದ ರಸದೂತಗಳಿಲ್ಲದೆ ಕೈಕಾಲುಗಳು ನೀಳವಾಗುತ್ತವೆ. ಜನರು ನಕ್ಕಿದ್ದು ಬಾಲ್ಯದ ಆ ಗಾಯವನ್ನು ಕಂಡು.

ಇಟಲಿಯಲ್ಲಿ ಎಷ್ಟೋ ಬಡ ತಂದೆತಾಯಿಗಳು ಮಗನಿಗೆ ಕೀರ್ತಿ, ಮನೆಗೆ ಅನ್ನ ದೊರೆತೀತೆಂಬ ಆಸೆಯಿಂದ ಇದಕ್ಕೆ ಒಪ್ಪಿದರು. ಸೆನೆಸಿನೋನಂತೆ ಹೆಸರಾದವರು ಕೆಲವರೇ. ಉಳಿದವರ ಚಿತ್ರವನ್ನು ಯಾರೂ ಬರೆಯಲಿಲ್ಲ.

ಇಲ್ಲಿ ನಾವು ವಿನಯದಿಂದ ಒಪ್ಪಿಕೊಳ್ಳಬೇಕಾದ ಸತ್ಯವೂ ಒಂದಿದೆ. ಧರ್ಮಸಭೆಯ ಕಾನೂನು ಈ ಕೃತ್ಯವನ್ನು ಖಂಡಿಸುತ್ತಿತ್ತು. ಆದರೂ ಗಾನವೃಂದದಲ್ಲಿ ಸ್ತ್ರೀಯರಿಗೆ ಅವಕಾಶವಿಲ್ಲದ ಆ ಕಾಲದಲ್ಲಿ, ವ್ಯಾಟಿಕನ್ನಿನ ಸಿಸ್ಟೀನ್ ಪ್ರಾರ್ಥನಾಲಯದಲ್ಲಿ ಇಂತಹ ಗಾಯಕರು ಸುಮಾರು ಮುನ್ನೂರು ವರ್ಷ ದೇವರ ಸ್ತುತಿ ಹಾಡಿದರು. 1903ರಲ್ಲಿ ಜಗದ್ಗುರು ಹತ್ತನೇ ಪಿಯುಸರು ಎತ್ತರದ ಸ್ವರಗಳಿಗೆ ಬಾಲಕರನ್ನೇ ಬಳಸಬೇಕೆಂದು ಆದೇಶಿಸಿದರು. ಅವರಲ್ಲಿ ಕೊನೆಯವರಾದ ಅಲೆಸ್ಸಾಂದ್ರೋ ಮೊರೆಸ್ಕಿ 1922ರಲ್ಲಿ ಮೃತರಾದರು. 1902 ಮತ್ತು 1904ರಲ್ಲಿ ಧ್ವನಿಮುದ್ರಿತವಾದ ಅವರ ಹಾಡುಗಳನ್ನು ಇಂದಿಗೂ ಕೇಳಬಹುದು. ಆ ಕಂಠವನ್ನು ಕೇಳಿ ಹೊಗಳಲೂ ಆಗದು, ಮುಖ ತಿರುಗಿಸಲೂ ಆಗದು.

ಆ ಕತ್ತಿ ಇಂದಿಲ್ಲ, ನಿಜ. ಆದರೆ ಮಗುವಿನ ಏಳಿಗೆಯ ಹೆಸರಿನಲ್ಲಿ ಅದರ ಆಟ, ನಿದ್ದೆ, ನಗುಗಳನ್ನು ಕತ್ತರಿಸುವ ಆಸೆ ನಮ್ಮ ಮನೆಗಳಿಂದ ಹೋಗಿದೆಯೇ? ಬಹುಮಾನ ಹಿಡಿದು ವೇದಿಕೆಯ ಮೇಲೆ ನಿಂತ ಮಗುವಿನ ಭಾವಚಿತ್ರವನ್ನು ಗೋಡೆಗೆ ತೂಗುಹಾಕುವ ಮೊದಲು, ಓದುಗರೇ, ಆ ಮುಖವನ್ನು ಒಮ್ಮೆ ಸಮೀಪದಿಂದ ನೋಡಿರಿ. ಅದಕ್ಕೇನು ಬೇಕೆಂದು ಕೇಳಿರಿ. ಉತ್ತರ ಬರುವವರೆಗೆ ಕಾದಿರಿ.