ದೇವಿಕೊಪ್ಪದ ಕೆಂಪು ದಾರಿ

ನವಲಗುಂದದ ಎರೆ ಸೀಮೆಯಲ್ಲಿ ಸೈಕಲ್ ಕಲಿತವನು ನಾನು. ಮಳೆ ಬಿದ್ದ ಮರುದಿನ ನಮ್ಮ ಹೊಲದ ದಾರಿಯಲ್ಲಿ ಯಾರೂ ಸೈಕಲ್ ಹತ್ತುವುದಿಲ್ಲ. ನೀರು ಕುಡಿದು ಉಬ್ಬಿದ ಎರೆ ಮಣ್ಣು ಮಡ್‌ಗಾರ್ಡಿನೊಳಗೆ ಮುದ್ದೆಗಟ್ಟಿ ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ. ಆಮೇಲೆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಮನೆ ಸೇರಬೇಕು. ಬೇಸಿಗೆ ಬಂದರೆ ಅದೇ ಮಣ್ಣು ಕೈ ಇಳಿಯುವಷ್ಟು ಬಿರಿಯುತ್ತದೆ. ಕಣ್ಣು ಹಾಯುವಷ್ಟು ದೂರಕ್ಕೂ ಬದುವಿನ ಮೇಲೊಂದು ಜಾಲಿ, ಇನ್ನೆಲ್ಲೋ ಒಂದು ಬೇವು. ಅದೇ ಜಿಲ್ಲೆಯ ಇನ್ನೊಂದು ತುದಿಯಲ್ಲಿ, ಕಲಘಟಗಿ ದಾಟಿ ದೇವಿಕೊಪ್ಪದ ಕಡೆಗೆ, ಸಾಗವಾನಿ ಮರಗಳ ನಡುವೆ ಕೆಂಪಗೆ ಮಲಗಿದ್ದ ಬಂಡಿದಾರಿಯನ್ನು ಕಂಡಾಗ ನಾನು ಸುಮ್ಮನೆ ನಿಂತುಬಿಟ್ಟೆ.

ನವೆಂಬರ್ ಕೊನೆ. ಭತ್ತದ ಗದ್ದೆಗಳಲ್ಲಿ ಕೊಯ್ಲು ನಡೆದಿತ್ತು. ಹುಬ್ಬಳ್ಳಿಯಲ್ಲಿ ಓದುವ ನನ್ನ ಅಕ್ಕನ ಮಗ ಎರಡು ಮೌಂಟೇನ್ ಬೈಕುಗಳನ್ನು ಪಿಕಪ್ಪಿನಲ್ಲಿ ಹಾಕಿಕೊಂಡು ಬಂದಿದ್ದ. ಮೊದಲು ಮಾಡಿದ ಕೆಲಸ, ನನ್ನ ಟೈರಿನ ಗಾಳಿಯನ್ನು ಒಂದಿಷ್ಟು ಇಳಿಸಿದ್ದು. ಗಟ್ಟಿ ಟೈರು ಕಲ್ಲಿಗೆ ತಾಗಿ ಪುಟಿಯುತ್ತದೆ, ಮೆತ್ತಗಿನದು ಕಲ್ಲನ್ನು ಅಪ್ಪಿಕೊಂಡು ದಾಟುತ್ತದೆ. ಟೈರಿನ ಮೇಲೆಲ್ಲ ಬೆರಳ ತುದಿಯಷ್ಟು ರಬ್ಬರ್ ಗುಬ್ಬಿಗಳು. ಗರಸು ಮಣ್ಣಿನಲ್ಲಿ ಅವು ಹಿಡಿತ ಸಿಕ್ಕಿಸಿಕೊಳ್ಳುವುದು ಹ್ಯಾಂಡಲ್ ಹಿಡಿದ ಅಂಗೈಗೂ ಗೊತ್ತಾಗುತ್ತದೆ.

"ಇಳಿಜಾರಿನಾಗ ಸೀಟಿನ ಮ್ಯಾಲೆ ಕುಂದರಬ್ಯಾಡ್ರಿ ಮಾಮಾ. ಎರಡೂ ಪೆಡಲ್ ಸಮ ಹಿಡದು ನಿಲ್ರಿ. ಗಾಲಿ ನೋಡಬ್ಯಾಡ್ರಿ, ಹೋಗೋ ದಾರಿ ನೋಡ್ರಿ."

ಮೂರೇ ಮಾತು. ಮೂರನೆಯದು ಎಲ್ಲಕ್ಕಿಂತ ಕಷ್ಟ. ಕಣ್ಣು ಕಲ್ಲಿನ ಮೇಲೆ ಬಿದ್ದರೆ ಗಾಲಿಯೂ ಅಲ್ಲಿಗೇ ಹೋಗುತ್ತದೆ. ಹತ್ತು ಮಾರು ಆಚೆಗೆ ದಿಟ್ಟಿಯಿಟ್ಟೆ. ಮೊಣಕಾಲು, ಮೊಣಕೈ ತಾವಾಗಿಯೇ ಸಡಿಲಗೊಂಡವು, ಸೈಕಲ್ಲು ನನ್ನ ಕೆಳಗೆ ಕುದುರೆಯಂತೆ ಏರಿ ಇಳಿಯಿತು. ಐವತ್ತು ದಾಟಿದ ಮೈಗೆ ಅಂಥದೊಂದು ಹಗುರ ಇನ್ನೂ ಉಳಿದಿದೆ ಎಂದು ನನಗೆ ತಿಳಿದಿರಲಿಲ್ಲ.

ಈ ಸೈಕಲ್ಲಿನ ಹುಟ್ಟೂ ಇಂಥದೇ ಮಣ್ಣಿನ ಇಳಿಜಾರಿನಲ್ಲಿ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರೀನ್ ಪ್ರದೇಶದ ತರುಣರು ದಪ್ಪ ಟೈರಿನ ಹಳೇ ಸೈಕಲ್ಲುಗಳನ್ನು ಬೆಟ್ಟದಿಂದ ಕೆಳಗೆ ಬಿಡುತ್ತಿದ್ದರು. ಬ್ರೇಕ್ ಕಾದು ಹಿಂಗಾಲಿಯ ಹಬ್ಬಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು, ಪ್ರತಿ ಸಲವೂ ಹೊಸದಾಗಿ ತುಂಬಬೇಕು. 1976ರಲ್ಲಿ ಶುರುವಾದ ಅವರ ಪಂದ್ಯಕ್ಕೆ 'ರೀಪ್ಯಾಕ್' ಎಂಬ ಹೆಸರು ಬಂದದ್ದು ಅದರಿಂದ. ಆ ಆಟ ಈಗ ನಮ್ಮ ನೆರೆಗೇ ಬಂದಿದೆ: 2022ರಲ್ಲಿ ಗದಗದಲ್ಲಿ ರಾಷ್ಟ್ರೀಯ ಮೌಂಟೇನ್ ಬೈಕ್ ಚಾಂಪಿಯನ್‌ಷಿಪ್ ನಡೆಯಿತು.

ನಾವು ಹಿಡಿದದ್ದು ಮಾತ್ರ ಹೊಲಗಳಿಗೆ ಹೋಗುವ ಬಂಡಿದಾರಿ. ಇಲಾಖೆಯ ಅನುಮತಿಯಿಲ್ಲದೆ ಮೀಸಲು ಕಾಡಿನೊಳಗೆ ಹೋಗುವಂತಿಲ್ಲ, ಹೊಸಬರಿಗೆ ಅದರ ಅಗತ್ಯವೂ ಇಲ್ಲ. ಉದುರಿದ ಸಾಗವಾನಿ ಎಲೆಗಳು ಟೈರಿನಡಿ ಹಪ್ಪಳದ ಹಾಗೆ ಮುರಿಯುತ್ತಿದ್ದವು. ಒಂದು ಎಳೆಯ ಎಲೆ ಚಿವುಟಿ ಬೆರಳಲ್ಲಿ ತಿಕ್ಕಿದೆ, ಬೆರಳು ಕುಂಕುಮ ಮುಟ್ಟಿದಂತೆ ಕೆಂಪಾಯಿತು. ಮುಂದೆ ಹೋಗುತ್ತಿದ್ದ ಹುಡುಗನನ್ನು ನೋಡಿದೆ. ಅವನು ಕೂಸಾಗಿದ್ದಾಗ ಮಲಗಿದ್ದು ಕಲಘಟಗಿ ತೊಟ್ಟಿಲಲ್ಲಿ: ಇದೇ ಸಾಗವಾನಿ ಕಟ್ಟಿಗೆ, ಮೇಲೆ ಅರಗಿನ ಬಣ್ಣ. ಅಕ್ಕ ಅದನ್ನು ಇನ್ನೂ ಅಟ್ಟದ ಮೇಲೆ ಜೋಪಾನವಾಗಿ ಇಟ್ಟಿದ್ದಾಳೆ.

ತಂಬೂರಿನ ಬಸವಣ್ಣನ ಗುಡಿಯಲ್ಲಿ ಕೈಮುಗಿದು, ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ತಿಂದೆವು. ಮತ್ತೆ ಹೊರಟು ಸ್ವಲ್ಪ ದೂರದಲ್ಲಿ, ದಾರಿಗೆ ಅಡ್ಡವಾಗಿ ಒಂದು ಹಳ್ಳ. ಮೊಣಕಾಲಿಗಿಂತ ಕಡಿಮೆ ನೀರು, ತಳದ ಹರಳು ಎಣಿಸಬಹುದು.

"ಇದು ಎಲ್ಲಿಗೆ ಹೊಕ್ಕೈತೋ?" ಎಂದೆ.

"ಬೇಡ್ತಿಗೆ ರೀ. ಮುಂದ ಗಂಗಾವಳಿ ಆಗಿ ಅರಬ್ಬಿ ಸಮುದ್ರಕ್ಕ."

ನಮ್ಮೂರ ಕಡೆಯ ಬೆಣ್ಣಿಹಳ್ಳ ಮಲಪ್ರಭೆಗೆ ಸೇರುತ್ತದೆ. ಮಲಪ್ರಭೆ ಕೃಷ್ಣೆಗೆ, ಕೃಷ್ಣೆ ಬಂಗಾಳ ಕೊಲ್ಲಿಗೆ. ಒಂದೇ ಜಿಲ್ಲೆಯ ಮೇಲೆ ಬಿದ್ದ ಮಳೆ ಎರಡು ಕಡಲುಗಳಿಗೆ ಹಂಚಿಹೋಗುತ್ತದೆ. ಮೂಡಲಕ್ಕೆ ಹರಿಯುವ ನೀರಿನ ದಡದಲ್ಲಿ ಬೆಳೆದ ನಾನು, ಈ ವಯಸ್ಸಿನವರೆಗೂ, ಪಡುವಣಕ್ಕೆ ಹೋಗುವ ಹಳ್ಳದಲ್ಲಿ ಕಾಲಿಟ್ಟಿರಲಿಲ್ಲ.

"ಗೇರ್ ಹಗುರ ಮಾಡ್ಕೊರಿ ಮಾಮಾ, ಪೆಡಲ್ ನಿಲ್ಲಸಬ್ಯಾಡ್ರಿ," ಎಂದ ಅವನು, ಆಚೆ ದಡದಿಂದ.

ಎದುರಿನ ಮತ್ತಿ ಮರದ ಬುಡಕ್ಕೆ ಕಣ್ಣಿಟ್ಟೆ. ಮುಂದಿನ ಗಾಲಿ ನೀರಿಗಿಳಿಯಿತು.